ಲಾರ್ಬಿ ಬೆನ್‌ಬಾರೆಕ್: ಪೆಲೆಗೂ ಮೊದಲೇ 'ಕಪ್ಪು ಮುತ್ತು' ಎನಿಸಿದ್ದ ಆಟಗಾರನಿಗೆ ತನ್ನ ದೇಶದ ಜೆರ್ಸಿ ಸಿಗಲೇ ಇಲ್ಲ

2022ರ ಡಿಸೆಂಬರ್ 14ರ ರಾತ್ರಿ. ಕತಾರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲಿ ಫಿಫಾ ವಿಶ್ವಕಪ್ ಸೆಮಿಫೈನಲ್. ಒಂದು ಕಡೆ ಹಾಲಿ ಚಾಂಪಿಯನ್ ಫ್ರಾನ್ಸ್, ಇನ್ನೊಂದು ಕಡೆ ಮೊರಾಕ್ಕೊ. ಆಫ್ರಿಕಾದ ಯಾವ ತಂಡವೂ ಅಲ್ಲಿಯವರೆಗೆ ವಿಶ್ವಕಪ್ ಸೆಮಿಫೈನಲ್ ಮುಟ್ಟಿರಲಿಲ್ಲ. ಫ್ರಾನ್ಸ್ 2-0 ಅಂತರದಲ್ಲಿ ಗೆದ್ದಿತು. ಆದರೆ ಆ ಟೂರ್ನಿಯುದ್ದಕ್ಕೂ ಜಗತ್ತು ಕೊಂಡಾಡಿದ್ದು ಮೊರಾಕ್ಕೊದ ಹುಡುಗರನ್ನು.

ಆ ತಂಡದ 26 ಆಟಗಾರರಲ್ಲಿ 14 ಮಂದಿ ಹುಟ್ಟಿದ್ದು ಮೊರಾಕ್ಕೊದ ಹೊರಗೆ. ಅವರಲ್ಲಿ ಹೆಚ್ಚಿನವರು ಯುರೋಪಿನಲ್ಲಿ ಹುಟ್ಟಿ, ಅಲ್ಲೇ ಆಟ ಕಲಿತು, ಕೊನೆಗೆ ಅಪ್ಪ ಅಮ್ಮನ ದೇಶಕ್ಕೆ ಆಡುತ್ತೇವೆ ಎಂದು ಆರಿಸಿಕೊಂಡವರು. ಈ ಆಯ್ಕೆಯೇ ಇಲ್ಲದ ಕಾಲವೊಂದಿತ್ತು. ಆ ಕಾಲದಲ್ಲಿ ಮೊರಾಕ್ಕೊದಲ್ಲೇ ಹುಟ್ಟಿದ ಆಟಗಾರನೊಬ್ಬ ಫ್ರಾನ್ಸ್‌ನ ಜೆರ್ಸಿ ತೊಟ್ಟು ಆಡಬೇಕಾಯಿತು. ಫ್ರಾನ್ಸ್ ಮತ್ತು ಸ್ಪೇನ್ ಎರಡೂ ದೇಶಗಳ ಅಭಿಮಾನಿಗಳು ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಆದರೆ ಕೊನೆಗಾಲದಲ್ಲಿ ಅವರ ಬಾಗಿಲು ತಟ್ಟುವವರೇ ಇರಲಿಲ್ಲ.

ಅವರ ಹೆಸರು ಲಾರ್ಬಿ ಬೆನ್‌ಬಾರೆಕ್. ಪೆಲೆಗೆ 'ಕಪ್ಪು ಮುತ್ತು' ಎಂಬ ಬಿರುದು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಹೆಸರಿನಿಂದ ಕರೆಸಿಕೊಂಡವರು. ಸ್ವತಃ ಪೆಲೆ ಅವರೇ ಬೆನ್‌ಬಾರೆಕ್ ತಮಗಿಂತ ದೊಡ್ಡ ಆಟಗಾರ ಎಂದು ಹೇಳಿದ್ದರು ಎಂಬ ಮಾತು ಮೊರಾಕ್ಕೊದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಕಾಸಾಬ್ಲಾಂಕಾದ ಬಡ ಹುಡುಗ

ಬೆನ್‌ಬಾರೆಕ್ ಹುಟ್ಟಿದ್ದು ಅಟ್ಲಾಂಟಿಕ್ ಸಾಗರದ ತೀರದ ಬಂದರು ನಗರ ಕಾಸಾಬ್ಲಾಂಕಾದಲ್ಲಿ. 1917ರ ಜೂನ್ 16 ಅವರ ಜನ್ಮದಿನ ಎಂದು ಹೆಚ್ಚಿನ ದಾಖಲೆಗಳು ಹೇಳುತ್ತವೆ. ಹುಟ್ಟಿದ್ದು 1914ರಲ್ಲಿ ಎನ್ನುವವರೂ ಇದ್ದಾರೆ. ವಸಾಹತು ಕಾಲದ ಬಡವರ ಮಕ್ಕಳ ಹುಟ್ಟಿದ ದಿನವನ್ನು ಸರಿಯಾಗಿ ಬರೆದಿಡುವ ಪದ್ಧತಿ ಆಗ ಇರಲಿಲ್ಲ.

1912ರಿಂದ ಮೊರಾಕ್ಕೊದ ಬಹುಪಾಲು ಫ್ರಾನ್ಸ್‌ನ ಹಿಡಿತದಲ್ಲಿತ್ತು. ಉತ್ತರದ ಒಂದು ಭಾಗ ಸ್ಪೇನ್ ಕೈಯಲ್ಲಿತ್ತು. ಸುಲ್ತಾನರು ಸಿಂಹಾಸನದ ಮೇಲೆ ಇದ್ದರೂ ನಿಜವಾದ ಅಧಿಕಾರ ಫ್ರೆಂಚ್ ರೆಸಿಡೆಂಟ್ ಜನರಲ್ ಅವರದು. ಬ್ರಿಟಿಷರ ಕಾಲದಲ್ಲಿ ಭಾರತದ ದೇಶೀಯ ಸಂಸ್ಥಾನಗಳಲ್ಲಿ ರೆಸಿಡೆಂಟ್ ಇದ್ದ ಹಾಗೆಯೇ ಎನ್ನಬಹುದು.

ಬೆನ್‌ಬಾರೆಕ್ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು, ಬಡಗಿ ಕೆಲಸ ಕಲಿಯಲು ಸೇರಿದರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಬಿಡುವು ಸಿಕ್ಕಾಗಲೆಲ್ಲ ಗಲ್ಲಿಯಲ್ಲಿ ಬರಿಗಾಲಿನ ಆಟ. ಮೊದಲು ಐಡಿಯಲ್ ಕ್ಲಬ್ ಎಂಬ ಸಣ್ಣ ತಂಡ, ನಂತರ 1935ರ ಹೊತ್ತಿಗೆ ಯೂನಿಯನ್ ಸ್ಪೋರ್ಟಿವ್ ಮರೊಕೇನ್, ಅಂದರೆ ಎಲ್ಲರೂ ಕರೆಯುತ್ತಿದ್ದ ಯುಎಸ್‌ಎಂ ತಂಡ. ಅದು ಕಾಸಾಬ್ಲಾಂಕಾದಲ್ಲಿ ನೆಲೆಸಿದ್ದ ಫ್ರೆಂಚರ ಪ್ರಮುಖ ಕ್ಲಬ್. ಸ್ಥಳೀಯರು ತಮ್ಮದೇ ಎಂದು ಹೆಮ್ಮೆಪಟ್ಟ ವೈದಾದ್ ಕ್ಲಬ್ ಹುಟ್ಟಿದ್ದು 1937ರಲ್ಲಿ. ಹಾಗಾಗಿ ಬೆನ್‌ಬಾರೆಕ್ ತಲೆಮಾರಿನ ಹುಡುಗನೊಬ್ಬ ಮೇಲೆ ಬರಬೇಕಾದರೆ ಫ್ರೆಂಚರು ನಡೆಸುವ ಕ್ಲಬ್‌ನ ಬಾಗಿಲಿನಿಂದಲೇ ಒಳಗೆ ಹೋಗಬೇಕಿತ್ತು.

1937ರಲ್ಲಿ ಮೊರಾಕ್ಕೊದ ಆಯ್ದ ಆಟಗಾರರ ತಂಡ ಫ್ರಾನ್ಸ್ ಬಿ ತಂಡದ ವಿರುದ್ಧ ಆಡಿತು. ಆ ಪಂದ್ಯದಲ್ಲಿ ಬೆನ್‌ಬಾರೆಕ್ ಆಟ ನೋಡಿದ ಫ್ರೆಂಚ್ ಕ್ಲಬ್‌ಗಳವರ ಕಣ್ಣು ಅವರ ಮೇಲೆ ಬಿತ್ತು. ಫ್ರಾನ್ಸ್‌ನಲ್ಲಿ ವೃತ್ತಿಪರ ಲೀಗ್ ಶುರುವಾಗಿ ಐದು ವರ್ಷವಷ್ಟೇ ಆಗಿತ್ತು. ಕ್ಲಬ್‌ಗಳಿಗೆ ಒಳ್ಳೆಯ ಆಟಗಾರರು ಬೇಕಿತ್ತು. ಸಮುದ್ರದ ಆಚೆ ದಡದಲ್ಲಿದ್ದ ಉತ್ತರ ಆಫ್ರಿಕಾ ಅವರಿಗೆ ಹತ್ತಿರದ ಗಣಿಯಾಗಿತ್ತು.

ಮಾರ್ಸೇಯಲ್ಲಿ ಮೊದಲ ವರ್ಷ

1938ರಲ್ಲಿ ಬೆನ್‌ಬಾರೆಕ್ ಒಲಿಂಪಿಕ್ ಮಾರ್ಸೇ ಕ್ಲಬ್ ಸೇರಿದರು. ಮಾರ್ಸೇ ಕೂಡ ಬಂದರು ಪಟ್ಟಣವೇ. ಇಟಲಿ, ಸ್ಪೇನ್, ಅಲ್ಜೀರಿಯಾ, ಆರ್ಮೇನಿಯಾದಿಂದ ಬಂದ ಜನ ತುಂಬಿದ ಊರು. ಕಾಸಾಬ್ಲಾಂಕಾದಿಂದ ಬಂದ ಯುವಕನಿಗೆ ತೀರಾ ಪರಕೀಯ ಎನಿಸದ ಜಾಗ.

ಅಲ್ಲಿನ ಪ್ರೇಕ್ಷಕರಿಗೆ ಅವರು ಮೊದಲ ಕೆಲವು ಪಂದ್ಯಗಳಲ್ಲೇ ಇಷ್ಟವಾದರು. ಆಗಿನ ಫುಟ್ಬಾಲ್‌ನಲ್ಲಿ ಮುಂಚೂಣಿಯಲ್ಲಿ ಐವರು ಇರುತ್ತಿದ್ದರು. ಅಂಚಿನಲ್ಲಿ ಓಡುವ ಇಬ್ಬರು, ನಡುವೆ ಗೋಲು ಹೊಡೆಯುವ ಒಬ್ಬ, ಅವರ ಮಧ್ಯದಲ್ಲಿ ಇಬ್ಬರು ಇನ್‌ಸೈಡ್ ಫಾರ್ವರ್ಡ್‌ಗಳು. ಹಿಂದಿನಿಂದ ಚೆಂಡು ತರುವುದು, ಎದುರಾಳಿಯನ್ನು ದಾಟಿಸುವುದು, ಮುಂದಿನವನಿಗೆ ಜಾಗ ನೋಡಿ ಕೊಡುವುದು, ಅವಕಾಶ ಸಿಕ್ಕರೆ ತಾನೇ ಹೊಡೆಯುವುದು ಇವೆಲ್ಲ ಈ ಇಬ್ಬರ ಕೆಲಸ. ಬೆನ್‌ಬಾರೆಕ್ ಆಡುತ್ತಿದ್ದದ್ದು ಈ ಜಾಗದಲ್ಲಿ. ಎತ್ತರದ ಮೈಕಟ್ಟು, ಎರಡೂ ಕಾಲಿನಲ್ಲಿ ಹಿಡಿತ, ಅವಸರವೇ ಇಲ್ಲದ ನಡೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಪ್ಲೇಮೇಕರ್.

1938-39ರ ಋತುವಿನಲ್ಲಿ ಮಾರ್ಸೇ ಲೀಗ್‌ನಲ್ಲಿ ಸೆತ್ ತಂಡದ ನಂತರ ಎರಡನೇ ಸ್ಥಾನ ಪಡೆಯಿತು. ಆದರೆ ಋತು ಅರ್ಧ ಮುಗಿಯುವ ಮೊದಲೇ ಬೆನ್‌ಬಾರೆಕ್ ಹೆಸರು ಕ್ಲಬ್ ದಾಟಿ ಫ್ರಾನ್ಸ್ ರಾಷ್ಟ್ರೀಯ ತಂಡದ ಪಟ್ಟಿಗೆ ಬಂದಿತ್ತು.

ನೇಪಲ್ಸ್‌ನಲ್ಲಿ ಗೇಲಿಯ ಸ್ವಾಗತ

1938ರ ಡಿಸೆಂಬರ್ 4ರಂದು ಇಟಲಿಯ ನೇಪಲ್ಸ್‌ನಲ್ಲಿ ಬೆನ್‌ಬಾರೆಕ್ ಫ್ರಾನ್ಸ್ ಪರ ಮೊದಲ ಪಂದ್ಯ ಆಡಿದರು. ಎದುರಿಗೆ ಇದ್ದದ್ದು ಆರು ತಿಂಗಳ ಹಿಂದೆಯಷ್ಟೇ ಫ್ರಾನ್ಸ್ ನೆಲದಲ್ಲೇ ವಿಶ್ವಕಪ್ ಗೆದ್ದಿದ್ದ ಇಟಲಿ. ಆ ಟೂರ್ನಿಯಲ್ಲಿ ಆತಿಥೇಯ ಫ್ರಾನ್ಸ್ ತಂಡವನ್ನು ಕ್ವಾರ್ಟರ್ ಫೈನಲ್‌ನಲ್ಲಿ ಮನೆಗೆ ಕಳಿಸಿದ್ದೂ ಇದೇ ಇಟಲಿ.

ಆದರೆ ಆ ದಿನದ ಬಿಸಿ ಫುಟ್ಬಾಲ್‌ನದ್ದು ಮಾತ್ರ ಆಗಿರಲಿಲ್ಲ. ಮುಸೊಲಿನಿ ಸರ್ಕಾರ ಕೆಲವೇ ವಾರಗಳ ಹಿಂದೆ ಜನಾಂಗೀಯ ಕಾನೂನುಗಳನ್ನು ಜಾರಿಗೆ ತಂದಿತ್ತು. ಪಂದ್ಯಕ್ಕೆ ನಾಲ್ಕು ದಿನ ಮೊದಲು, ನವೆಂಬರ್ 30ರಂದು, ಇಟಲಿಯ ಸಂಸತ್ತಿನಲ್ಲಿ ಸದಸ್ಯರು ಎದ್ದು ನಿಂತು ಟುನೀಶಿಯಾ, ಕಾರ್ಸಿಕಾ, ನೀಸ್, ಸವಾಯ್ ಪ್ರದೇಶಗಳು ಇಟಲಿಗೆ ಸೇರಬೇಕೆಂದು ಕೂಗಿದ್ದರು. ಎಲ್ಲವೂ ಆಗ ಫ್ರಾನ್ಸ್ ಕೈಯಲ್ಲಿದ್ದ ಪ್ರದೇಶಗಳು.

ಇಂಥ ಹೊತ್ತಿನಲ್ಲಿ ಫ್ರಾನ್ಸ್ ತಂಡದ ಸಾಲಿನಲ್ಲಿ ಆಫ್ರಿಕಾದ ಕಪ್ಪು ವರ್ಣದ ಯುವಕನೊಬ್ಬ ನಿಂತಿದ್ದ. ಪ್ರೇಕ್ಷಕರು ಅವರನ್ನು ಗೇಲಿ ಮಾಡಿದರು, ಕೂಗಿ ಅವಮಾನಿಸಿದರು. ಅದಕ್ಕೆ ಉತ್ತರವಾಗಿ ಬೆನ್‌ಬಾರೆಕ್ ಫ್ರಾನ್ಸ್ ರಾಷ್ಟ್ರಗೀತೆಯನ್ನು ದನಿ ಎತ್ತಿ ಹಾಡಿದರು ಎಂದು ಹೇಳಲಾಗುತ್ತದೆ. ಪಂದ್ಯವನ್ನು ಇಟಲಿ 1-0ಯಿಂದ ಗೆದ್ದಿತು. ಆದರೆ ಫ್ರೆಂಚ್ ಪತ್ರಿಕೆಗಳಿಗೆ ಹೊಸ ನಾಯಕನೊಬ್ಬ ಸಿಕ್ಕಿದ್ದ.

ಫ್ರಾನ್ಸ್ ಪರ ಆಡಿದ ಮೊದಲ ಕಪ್ಪು ವರ್ಣೀಯ ಆಟಗಾರ ಬೆನ್‌ಬಾರೆಕ್ ಅಲ್ಲ. ಸೆನೆಗಲ್ ಮೂಲದ ರಾವುಲ್ ಡಿಯಾನ್ 1931ರಲ್ಲೇ ಆಡಿದ್ದರು. ಉತ್ತರ ಆಫ್ರಿಕಾದಿಂದ ಬಂದ ಮೊದಲಿಗರೂ ಅಲ್ಲ, ಅಲ್ಜೀರಿಯಾದ ಅಲಿ ಬೆನೂನಾ 1936ರಲ್ಲಿ ಆಡಿದ್ದರು. ಆದರೆ ಇಡೀ ಫ್ರಾನ್ಸ್ ಗುರುತು ಹಿಡಿಯುವ ಮಟ್ಟದ ತಾರೆಯಾಗಿ ಬೆಳೆದ ಮೊದಲ ಆಫ್ರಿಕನ್ ಆಟಗಾರ ಎಂದು ಇವರನ್ನು ಕರೆಯುವುದರಲ್ಲಿ ತಪ್ಪಿಲ್ಲ.

ಯುದ್ಧ ನುಂಗಿದ ಆರು ವರ್ಷ

1939ರ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಬೆನ್‌ಬಾರೆಕ್ ಕಾಸಾಬ್ಲಾಂಕಾಗೆ ಮರಳಿ ಹಳೆಯ ಯುಎಸ್‌ಎಂ ಸೇರಿದರು. ಮುಂದಿನ ಆರು ವರ್ಷ ಅಲ್ಲೇ. ಆ ಅವಧಿಯಲ್ಲಿ ಯುಎಸ್‌ಎಂ ಮೊರಾಕ್ಕೊದ ಲೀಗ್ ಪ್ರಶಸ್ತಿಗಳನ್ನು ಗೆದ್ದಿತು. ಊರಿನವರಿಗೆ ತಮ್ಮ ಹುಡುಗನನ್ನು ಕಣ್ಣಾರೆ ನೋಡುವ ಭಾಗ್ಯ ಸಿಕ್ಕಿತು.

ಆದರೆ ಲೆಕ್ಕ ಹಾಕಿದರೆ ನಷ್ಟ ದೊಡ್ಡದು. 1917ರಲ್ಲಿ ಹುಟ್ಟಿದವರು ಎಂದುಕೊಂಡರೆ 22ರಿಂದ 28ರ ವಯಸ್ಸು. ಫುಟ್ಬಾಲ್ ಆಟಗಾರನೊಬ್ಬನ ಮೈ ಅತ್ಯುತ್ತಮವಾಗಿ ಕೆಲಸ ಮಾಡುವ ವರ್ಷಗಳು. 1942ರ ನವೆಂಬರ್‌ನಲ್ಲಿ ಅಮೆರಿಕದ ಪಡೆಗಳು ಕಾಸಾಬ್ಲಾಂಕಾದ ತೀರಕ್ಕೆ ಬಂದಿಳಿದವು. 1943ರ ಜನವರಿಯಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಅದೇ ಊರಿನಲ್ಲಿ ಕುಳಿತು ಯುದ್ಧದ ಮುಂದಿನ ಹೆಜ್ಜೆ ನಿರ್ಧರಿಸಿದರು. 1942 ಮತ್ತು 1946ರ ವಿಶ್ವಕಪ್‌ಗಳು ನಡೆಯಲೇ ಇಲ್ಲ.

ಪ್ಯಾರಿಸ್, ಮತ್ತು ಕಾಸಾಬ್ಲಾಂಕಾದ ಇನ್ನೊಬ್ಬ ಹುಡುಗ

1945ರಲ್ಲಿ ಬೆನ್‌ಬಾರೆಕ್ ಮತ್ತೆ ಫ್ರಾನ್ಸ್‌ಗೆ ಬಂದರು. ಈ ಬಾರಿ ಪ್ಯಾರಿಸ್‌ನ ಸ್ತಾದ್ ಫ್ರಾನ್ಸೆ ಕ್ಲಬ್. ತರಬೇತುದಾರ ಎಲೆನಿಯೊ ಹೆರೆರಾ. 1960ರ ದಶಕದಲ್ಲಿ ಇಂಟರ್ ಮಿಲಾನ್ ತಂಡಕ್ಕೆ ಎರಡು ಬಾರಿ ಯುರೋಪಿಯನ್ ಕಪ್ ಗೆದ್ದುಕೊಟ್ಟು, ಬಿಗಿಯಾದ ರಕ್ಷಣೆಯ ಆಟಕ್ಕೆ ಜಗತ್ತಿನಾದ್ಯಂತ ಹೆಸರಾದ ಅದೇ ಹೆರೆರಾ.

ಹೆರೆರಾ ಹುಟ್ಟಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಬಡತನದಿಂದಾಗಿ ಮನೆಯವರು ಮೊರಾಕ್ಕೊಗೆ ವಲಸೆ ಬಂದಿದ್ದರಿಂದ ಬೆಳೆದದ್ದು, ಆಟ ಕಲಿತದ್ದು ಕಾಸಾಬ್ಲಾಂಕಾದಲ್ಲಿ. ಒಂದೇ ಊರಿನ ಧೂಳಿನಲ್ಲಿ ಬೆಳೆದ ಇಬ್ಬರು ಪ್ಯಾರಿಸ್‌ನಲ್ಲಿ ಜೊತೆಯಾದರು. ಒಬ್ಬರು ಶಿಸ್ತು, ಲೆಕ್ಕಾಚಾರದ ಮನುಷ್ಯ. ಇನ್ನೊಬ್ಬರು ಚೆಂಡು ಕಾಲಿಗೆ ಸಿಕ್ಕರೆ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಬಲ್ಲವರು. ಮುಂದೆ ಇದೇ ಜೋಡಿ ಮ್ಯಾಡ್ರಿಡ್‌ನಲ್ಲೂ ಒಂದಾಗಲಿತ್ತು.

ರಾಷ್ಟ್ರೀಯ ತಂಡಕ್ಕೂ ಬೆನ್‌ಬಾರೆಕ್ ಮರಳಿದರು. 1945ರಿಂದ 1948ರವರೆಗೆ ನೀಲಿ ಜೆರ್ಸಿಯಲ್ಲಿ ಕಾಣಿಸಿಕೊಂಡರು. ಯುದ್ಧದಿಂದ ಬಸವಳಿದಿದ್ದ ಪ್ಯಾರಿಸ್ ಜನರಿಗೆ ಭಾನುವಾರ ಅವರ ಆಟ ನೋಡುವುದೇ ಒಂದು ಹಬ್ಬವಾಗಿತ್ತು.

ಮ್ಯಾಡ್ರಿಡ್‌ನಲ್ಲಿ 'ದೇವರ ಪಾದ'

1948ರಲ್ಲಿ ಸ್ಪೇನ್‌ನ ಅಟ್ಲೆಟಿಕೊ ಮ್ಯಾಡ್ರಿಡ್ ಬೆನ್‌ಬಾರೆಕ್ ಅವರನ್ನು ಖರೀದಿಸಿತು. ಬೆಲೆ ಸುಮಾರು 1.7 ಕೋಟಿ ಫ್ರಾಂಕ್ ಎಂದು ದಾಖಲೆಗಳು ಹೇಳುತ್ತವೆ. ಆಗಿನ ಕಾಲಕ್ಕೆ ಅದು ಕಣ್ಣರಳಿಸುವ ಮೊತ್ತ. ಪ್ಯಾರಿಸ್‌ನ ಪತ್ರಿಕಾ ವಲಯದಲ್ಲಿ ಕೋಲಾಹಲವೇ ಎದ್ದಿತು. ನಗರದ ಹೆಸರಾಂತ ಸ್ಮಾರಕಗಳನ್ನು ಬೇಕಾದರೆ ಮಾರಿ, ಬೆನ್‌ಬಾರೆಕ್ ಅವರನ್ನು ಮಾತ್ರ ಮಾರಬೇಡಿ ಎಂಬ ಧಾಟಿಯಲ್ಲಿ ಬರೆದವರೂ ಇದ್ದರು ಎನ್ನಲಾಗುತ್ತದೆ.

ಸ್ಪೇನ್‌ಗೆ ಮೊರಾಕ್ಕೊದ ಮನುಷ್ಯನೊಬ್ಬ ಹೋಗುವುದು ಸುಲಭದ ಮಾತಾಗಿರಲಿಲ್ಲ. 1936ರಿಂದ 1939ರವರೆಗೆ ನಡೆದ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೊ ತಮ್ಮ ಸೇನೆಯಲ್ಲಿ ಸಾವಿರಾರು ಮೊರಾಕ್ಕೊ ಸೈನಿಕರನ್ನು ಬಳಸಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆಗೆ ಸಿಕ್ಕಿ ನರಳಿದ್ದ ಮ್ಯಾಡ್ರಿಡ್ ಜನರಿಗೆ ಮೊರಾಕ್ಕೊದವರು ಎಂದರೆ ಬಂದೂಕು ಹಿಡಿದ ಸೈನಿಕರ ನೆನಪು. ಅಂಥ ಊರಿನಲ್ಲಿ ಹತ್ತೇ ವರ್ಷಕ್ಕೆ ಜನ ಒಬ್ಬ ಮೊರಾಕ್ಕೊದವನಿಗೆ 'ದೇವರ ಪಾದ' ಎಂದು ಹೆಸರಿಟ್ಟರು.

ಅಟ್ಲೆಟಿಕೊ ಆಗ ಆಡುತ್ತಿದ್ದದ್ದು ಹಳೆಯ ಮೆಟ್ರೊಪಾಲಿಟಾನೊ ಮೈದಾನದಲ್ಲಿ. ಗೋಲ್‌ಕೀಪರ್ ಆಗಿ ಫ್ರಾನ್ಸ್‌ನ ಮಾರ್ಸೆಲ್ ದೊಮಿಂಗೊ ಬಂದಿದ್ದರು. 1949ರಲ್ಲಿ ಸ್ವೀಡನ್‌ನ ಒಲಿಂಪಿಕ್ ಚಿನ್ನ ವಿಜೇತ ಹೆನ್ರಿ ಕಾರ್ಲ್‌ಸನ್ ಸೇರಿದರು. ಅದೇ ವರ್ಷ ತರಬೇತುದಾರರಾಗಿ ಹೆರೆರಾ ಕೂಡ ಬಂದರು. ಹುಂಕೋಸಾ, ಬೆನ್‌ಬಾರೆಕ್, ಪೆರೆಸ್ ಪಾಯಾ, ಕಾರ್ಲ್‌ಸನ್, ಎಸ್ಕುದೆರೊ ಎಂಬ ಐವರ ಮುಂಚೂಣಿಗೆ 'ಗಾಜಿನ ಮುಂಚೂಣಿ' ಎಂಬ ಹೆಸರು ಬಿತ್ತು. ಅಟ್ಲೆಟಿಕೊ ಅಭಿಮಾನಿಗಳ ಮನೆಗಳಲ್ಲಿ ಈ ಐದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬಹಳ ಕಾಲ ಉಳಿಯಿತು.

ಫಲವೂ ಸಿಕ್ಕಿತು. 1949-50ರ ಲೀಗ್ ಪ್ರಶಸ್ತಿಯನ್ನು ಅಟ್ಲೆಟಿಕೊ ಕೇವಲ ಒಂದು ಅಂಕದ ಅಂತರದಲ್ಲಿ ಡಿಪೋರ್ಟಿವೊ ತಂಡವನ್ನು ಹಿಂದಿಕ್ಕಿ ಗೆದ್ದಿತು. ಒಂಬತ್ತು ವರ್ಷಗಳ ನಂತರ ಬಂದ ಪ್ರಶಸ್ತಿ ಅದು. ಮರುವರ್ಷ ಕೊನೆಯ ಸುತ್ತಿನಲ್ಲಿ ಸೆವಿಯಾ ತಂಡವನ್ನು ಅದರದೇ ಊರಿನಲ್ಲಿ ಎದುರಿಸಬೇಕಿತ್ತು. ಸೋತರೆ ಪ್ರಶಸ್ತಿ ಸೆವಿಯಾ ಪಾಲು. ಪಂದ್ಯ 1-1ರಲ್ಲಿ ಮುಗಿಯಿತು, ಅಟ್ಲೆಟಿಕೊ ಸತತ ಎರಡನೇ ಬಾರಿ ಚಾಂಪಿಯನ್ ಆಯಿತು.

ಐದು ಋತುಗಳಲ್ಲಿ ಬೆನ್‌ಬಾರೆಕ್ ಸ್ಪೇನ್ ಲೀಗ್‌ನಲ್ಲಿ 100ಕ್ಕೂ ಹೆಚ್ಚು ಪಂದ್ಯ ಆಡಿ 50ಕ್ಕೂ ಹೆಚ್ಚು ಗೋಲು ಹೊಡೆದರು. ಗೋಲು ಹೊಡೆಯುವುದಕ್ಕಿಂತ ಹೊಡೆಸುವುದೇ ಮುಖ್ಯ ಕೆಲಸವಾಗಿದ್ದ, 30 ದಾಟಿದ ಆಟಗಾರನಿಗೆ ಇದು ಸಣ್ಣ ಸಾಧನೆಯಲ್ಲ.

ವಿಶ್ವಕಪ್ ಕೈತಪ್ಪಿದ್ದು ಹೀಗೆ

ಮ್ಯಾಡ್ರಿಡ್‌ನಲ್ಲಿ ಗೆಲ್ಲುತ್ತಿದ್ದ ಈ ವರ್ಷಗಳಲ್ಲಿ ಫ್ರಾನ್ಸ್ ತಂಡ ಅವರನ್ನು ಕರೆಯಲಿಲ್ಲ. 1948ರ ನಂತರ ಆರು ವರ್ಷ ಅವರು ರಾಷ್ಟ್ರೀಯ ತಂಡದಿಂದ ದೂರವೇ ಉಳಿದರು. ವಿದೇಶಿ ಕ್ಲಬ್‌ನಲ್ಲಿ ಆಡುವವರನ್ನು ರಾಷ್ಟ್ರೀಯ ತಂಡಕ್ಕೆ ಕರೆಸುವುದು ಇಂದಿನಷ್ಟು ಸಹಜವಾಗಿರದ ಕಾಲ ಅದು.

1950ರ ಬ್ರೆಜಿಲ್ ವಿಶ್ವಕಪ್‌ಗೆ ಫ್ರಾನ್ಸ್ ಅರ್ಹತೆ ಪಡೆಯಲಿಲ್ಲ. ಬೇರೆ ತಂಡಗಳು ಹಿಂದೆ ಸರಿದಾಗ ಫ್ರಾನ್ಸ್‌ಗೆ ಆಹ್ವಾನ ಬಂತಾದರೂ ಕೊನೆಗೆ ಅದೂ ಹೋಗಲಿಲ್ಲ. ಭಾರತ ತಂಡ ಹಿಂದೆ ಸರಿದದ್ದೂ ಇದೇ ವಿಶ್ವಕಪ್‌ನಿಂದ. 1954ರಲ್ಲಿ ಫ್ರಾನ್ಸ್ ಸ್ವಿಟ್ಜರ್ಲೆಂಡ್‌ಗೆ ಹೋಯಿತು, ಆ ತಂಡದಲ್ಲಿ ಬೆನ್‌ಬಾರೆಕ್ ಇರಲಿಲ್ಲ. 1938ರ ವಿಶ್ವಕಪ್ ನಡೆದದ್ದು ಅವರು ಫ್ರಾನ್ಸ್ ತಂಡಕ್ಕೆ ಬರುವ ಆರು ತಿಂಗಳ ಮೊದಲು.

ಹೀಗೆ ಒಂದು ಸಲ ಬೇಗ, ಎರಡು ಸಲ ಯುದ್ಧ, ಒಂದು ಸಲ ತಂಡವೇ ಇಲ್ಲ, ಇನ್ನೊಂದು ಸಲ ತಂಡದಲ್ಲಿ ಜಾಗವಿಲ್ಲ. ಒಂದೇ ಒಂದು ವಿಶ್ವಕಪ್ ಪಂದ್ಯವನ್ನೂ ಆಡದೆ ಅವರ ವೃತ್ತಿಜೀವನ ಮುಗಿಯಿತು. ಟಿವಿ ಬರುವ ಮೊದಲಿನ ಆಟಗಾರನೊಬ್ಬನನ್ನು ಮುಂದಿನ ತಲೆಮಾರು ನೆನಪಿಡಬೇಕಾದರೆ ವಿಶ್ವಕಪ್ ಬೇಕೇ ಬೇಕಿತ್ತು. ಬೆನ್‌ಬಾರೆಕ್ ಹೆಸರು ಮಸುಕಾಗಲು ಇದೂ ಒಂದು ದೊಡ್ಡ ಕಾರಣ.

1954ರ ಆ ಅಕ್ಟೋಬರ್

1953ರಲ್ಲಿ ಬೆನ್‌ಬಾರೆಕ್ ಮಾರ್ಸೇಗೆ ಮರಳಿದರು. ವಯಸ್ಸಾಗಿತ್ತು, ಓಟ ಕಡಿಮೆಯಾಗಿತ್ತು, ಆದರೆ ಚೆಂಡಿನ ಮೇಲಿನ ಹಿಡಿತ ಹೋಗಿರಲಿಲ್ಲ. 1954ರ ಮೇ ತಿಂಗಳಲ್ಲಿ ಮಾರ್ಸೇ ಫ್ರೆಂಚ್ ಕಪ್ ಫೈನಲ್ ತಲುಪಿ ನೀಸ್ ಎದುರು 2-1ರಿಂದ ಸೋತಿತು.

ಅದೇ ವರ್ಷದ ಸೆಪ್ಟೆಂಬರ್ 9ರಂದು ಅಲ್ಜೀರಿಯಾದ ಒರ್ಲೆಯಾನ್‌ವಿಲ್ ಪಟ್ಟಣದಲ್ಲಿ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಸಂತ್ರಸ್ತರ ನೆರವಿಗಾಗಿ ಅಕ್ಟೋಬರ್ 7ರಂದು ಪ್ಯಾರಿಸ್‌ನ ಪಾರ್ಕ್ ದೆ ಪ್ರಿನ್ಸ್ ಮೈದಾನದಲ್ಲಿ ಒಂದು ಪಂದ್ಯ ಏರ್ಪಟ್ಟಿತು. ಒಂದು ಕಡೆ ಫ್ರಾನ್ಸ್ ತಂಡ, ಇನ್ನೊಂದು ಕಡೆ ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾದ ಆಟಗಾರರು ಸೇರಿದ ಉತ್ತರ ಆಫ್ರಿಕಾ ತಂಡ. ಬೆನ್‌ಬಾರೆಕ್ ಆಡಿದ್ದು ಉತ್ತರ ಆಫ್ರಿಕಾ ಪರ. ಫಲಿತಾಂಶ, ಉತ್ತರ ಆಫ್ರಿಕಾಗೆ 3-2ರ ಜಯ.

ಮೈದಾನದಲ್ಲಿ ಬೆನ್‌ಬಾರೆಕ್ ಆಟ ನೋಡಿದ ಆಯ್ಕೆಗಾರರು ಮನಸ್ಸು ಬದಲಿಸಿದರು. ಒಂಬತ್ತೇ ದಿನಗಳ ನಂತರ, ಅಕ್ಟೋಬರ್ 16ರಂದು, ಜರ್ಮನಿಯ ಹ್ಯಾನೋವರ್‌ನಲ್ಲಿ ವಿಶ್ವ ಚಾಂಪಿಯನ್ ಪಶ್ಚಿಮ ಜರ್ಮನಿ ವಿರುದ್ಧದ ಪಂದ್ಯಕ್ಕೆ ಅವರನ್ನು ಮತ್ತೆ ಫ್ರಾನ್ಸ್ ತಂಡಕ್ಕೆ ಸೇರಿಸಲಾಯಿತು. ಫ್ರಾನ್ಸ್ 3-1ರಿಂದ ಗೆದ್ದು ಅಚ್ಚರಿ ಮೂಡಿಸಿತು. ಆದರೆ ಬೆನ್‌ಬಾರೆಕ್ ಗಾಯಗೊಂಡು ಮೊದಲಾರ್ಧದಲ್ಲೇ ಹೊರಗೆ ಬಂದರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ.

ನೇಪಲ್ಸ್‌ನಿಂದ ಹ್ಯಾನೋವರ್‌ವರೆಗೆ 15 ವರ್ಷ 10 ತಿಂಗಳು. ಫ್ರಾನ್ಸ್ ಇತಿಹಾಸದಲ್ಲೇ ಅತಿ ದೀರ್ಘ ಅಂತರರಾಷ್ಟ್ರೀಯ ವೃತ್ತಿಜೀವನ ಎಂದು ಇದನ್ನು ಗುರುತಿಸಲಾಗುತ್ತದೆ. ಆದರೆ ಇಷ್ಟು ಉದ್ದದ ಅವಧಿಯಲ್ಲಿ ಅವರು ಆಡಿದ್ದು 17 ಪಂದ್ಯ ಮಾತ್ರ, ಹೊಡೆದದ್ದು 3 ಗೋಲು. ದಾಖಲೆಯ ಉದ್ದವೇ ಅವರು ಎಷ್ಟು ಕಾಲ ಹೊರಗಿದ್ದರು ಎಂಬುದನ್ನೂ ಹೇಳುತ್ತದೆ.

ಹ್ಯಾನೋವರ್ ಪಂದ್ಯ ಮುಗಿದ ಎರಡು ವಾರಕ್ಕೆ, ನವೆಂಬರ್ 1ರಂದು, ಅಲ್ಜೀರಿಯಾದಲ್ಲಿ ಸ್ವಾತಂತ್ರ್ಯ ಸಮರ ಶುರುವಾಯಿತು. ಮೊರಾಕ್ಕೊದಲ್ಲೂ ಪರಿಸ್ಥಿತಿ ಕುದಿಯುತ್ತಿತ್ತು. ಸುಲ್ತಾನ ಐದನೇ ಮೊಹಮ್ಮದ್ ಅವರನ್ನು ಫ್ರಾನ್ಸ್ 1953ರಲ್ಲೇ ಗಡಿಪಾರು ಮಾಡಿತ್ತು. ಜನಾಕ್ರೋಶಕ್ಕೆ ಮಣಿದು 1955ರ ನವೆಂಬರ್‌ನಲ್ಲಿ ಅವರನ್ನು ವಾಪಸ್ ಕರೆತರಬೇಕಾಯಿತು. 1956ರ ಮಾರ್ಚ್ 2ರಂದು ಮೊರಾಕ್ಕೊ ಸ್ವತಂತ್ರವಾಯಿತು.

ದೇಶ ಬಂತು, ಆಡುವ ವಯಸ್ಸು ದಾಟಿತ್ತು

ಮಾರ್ಸೇ ಬಿಟ್ಟ ಬೆನ್‌ಬಾರೆಕ್ ಅಲ್ಜೀರಿಯಾದ ಸಿದಿ ಬೆಲ್ ಅಬ್ಬೆಸ್ ಪಟ್ಟಣದ ಕ್ಲಬ್‌ನಲ್ಲಿ ಕೊನೆಯ ಕೆಲ ಕಾಲ ಆಡಿ ತಾಯ್ನಾಡಿಗೆ ಮರಳಿದರು. 1957ರಲ್ಲಿ ಮೊರಾಕ್ಕೊ ಮೊದಲ ಬಾರಿಗೆ ತನ್ನದೇ ರಾಷ್ಟ್ರೀಯ ತಂಡವನ್ನು ಕಣಕ್ಕಿಳಿಸಿತು. ಆಗ 40ರ ಬೆನ್‌ಬಾರೆಕ್ ಆ ತಂಡದ ತರಬೇತುದಾರ. ಬದುಕಿಡೀ ಬೇರೆಯವರ ಬಣ್ಣ ತೊಟ್ಟು ಆಡಿದವರು, ಸ್ವಂತ ಬಣ್ಣ ಬಂದಾಗ ಗೆರೆಯ ಹೊರಗೆ ನಿಂತು ನೋಡಬೇಕಾಯಿತು. ಸ್ವತಂತ್ರ ಮೊರಾಕ್ಕೊ ಪರ ಅಧಿಕೃತ ಪಂದ್ಯವೊಂದನ್ನು ಆಡುವ ಅವಕಾಶ ಅವರಿಗೆ ಒದಗಲಿಲ್ಲ.

ಮುಂದಿನ ತಲೆಮಾರಿಗೆ ಕನಿಷ್ಠ ಆಯ್ಕೆಯಾದರೂ ಇತ್ತು. 1958ರ ವಿಶ್ವಕಪ್‌ಗೆ ಎರಡು ತಿಂಗಳು ಮೊದಲು ರಶೀದ್ ಮೆಖ್ಲೂಫಿ, ಮುಸ್ತಫಾ ಝಿತೂನಿ ಸೇರಿದಂತೆ ಅಲ್ಜೀರಿಯಾ ಮೂಲದ ಆಟಗಾರರು ಫ್ರಾನ್ಸ್‌ನಿಂದ ಗುಟ್ಟಾಗಿ ಹೊರಬಿದ್ದು, ಟುನಿಸ್‌ನಲ್ಲಿ ಸ್ವಾತಂತ್ರ್ಯ ಹೋರಾಟದ ತಂಡ ಕಟ್ಟಿದರು. ಅತ್ತ ಅದೇ ವಿಶ್ವಕಪ್‌ನಲ್ಲಿ ಫ್ರಾನ್ಸ್ ಪರ 13 ಗೋಲು ಹೊಡೆದು ಇಂದಿಗೂ ಮುರಿಯದ ದಾಖಲೆ ಬರೆದ ಜಸ್ಟ್ ಫಾಂಟೇನ್ ಹುಟ್ಟಿದ್ದು ಮೊರಾಕ್ಕೊದ ಮರ್ರಾಕೆಶ್‌ನಲ್ಲಿ, ಆಟ ಶುರು ಮಾಡಿದ್ದು ಬೆನ್‌ಬಾರೆಕ್ ಆಡಿದ್ದ ಅದೇ ಯುಎಸ್‌ಎಂ ಕ್ಲಬ್‌ನಲ್ಲಿ.

ಹಣ ಎಲ್ಲಿ ಹೋಯಿತು?

ಕೋಟಿ ಫ್ರಾಂಕ್ ಬೆಲೆ ಬಾಳಿದ ಆಟಗಾರ ಮುಪ್ಪಿನಲ್ಲಿ ಹಣದ ತಾಪತ್ರಯ ಅನುಭವಿಸಿದ್ದು ಹೇಗೆ ಎಂಬ ಪ್ರಶ್ನೆ ಸಹಜ. ಉತ್ತರ ಆಗಿನ ವ್ಯವಸ್ಥೆಯಲ್ಲೇ ಇದೆ. ವರ್ಗಾವಣೆಯ ಮೊತ್ತ ಹೋಗುತ್ತಿದ್ದದ್ದು ಕ್ಲಬ್‌ನಿಂದ ಕ್ಲಬ್‌ಗೆ. ಫ್ರಾನ್ಸ್‌ನಲ್ಲಿ ವೃತ್ತಿಪರ ಆಟಗಾರ ಒಮ್ಮೆ ಸಹಿ ಹಾಕಿದರೆ 35 ವರ್ಷ ತುಂಬುವವರೆಗೆ ಆ ಕ್ಲಬ್‌ಗೆ ಕಟ್ಟುಬಿದ್ದಂತೆ. ಎಲ್ಲಿಗೆ ಮಾರಬೇಕು, ಎಷ್ಟಕ್ಕೆ ಮಾರಬೇಕು ಎಂಬುದು ಆತನ ಕೈಯಲ್ಲಿ ಇರಲಿಲ್ಲ.

1963ರಲ್ಲಿ ಫ್ರಾನ್ಸ್‌ನ ದೊಡ್ಡ ತಾರೆ ರೇಮಂಡ್ ಕೋಪಾ ಇದನ್ನು ಗುಲಾಮಗಿರಿಗೆ ಹೋಲಿಸಿ ಶಿಸ್ತುಕ್ರಮ ಎದುರಿಸಬೇಕಾಯಿತು. ಕಾಲಮಿತಿಯ ಒಪ್ಪಂದ ಪದ್ಧತಿ ಬಂದದ್ದು 1969ರಲ್ಲಿ. ಅಷ್ಟರಲ್ಲಿ ಬೆನ್‌ಬಾರೆಕ್ ಆಟ ಬಿಟ್ಟು ಹತ್ತು ವರ್ಷಕ್ಕೂ ಹೆಚ್ಚಾಗಿತ್ತು. ಜಾಹೀರಾತು, ಟಿವಿ ಹಕ್ಕು, ಏಜೆಂಟ್ ಇವ್ಯಾವುವೂ ಅವರ ಕಾಲಕ್ಕೆ ಇರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಅವರು ಹೆಸರು ಮಾಡಿದ ದೇಶಗಳು ಬೇರೆ, ಮುಪ್ಪು ಕಳೆದ ದೇಶ ಬೇರೆ. ಫ್ರಾನ್ಸ್‌ಗೆ ಅವರು ಕಳೆದುಹೋದ ವಸಾಹತಿನ ನೆನಪು. ಸ್ಪೇನ್‌ಗೆ ಬಂದು ಹೋದ ಪರದೇಶಿ. ಹೊಸದಾಗಿ ಸ್ವತಂತ್ರವಾದ ಮೊರಾಕ್ಕೊಗೆ ಫ್ರಾನ್ಸ್ ರಾಷ್ಟ್ರಗೀತೆ ಹಾಡಿದ ಆಟಗಾರನನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. 1970ರಲ್ಲಿ ಮೊರಾಕ್ಕೊ ವಿಶ್ವಕಪ್ ಆಡಿತು. 1986ರಲ್ಲಿ ಇಂಗ್ಲೆಂಡ್, ಪೋಲೆಂಡ್, ಪೋರ್ಚುಗಲ್ ಇದ್ದ ಗುಂಪಿನಲ್ಲಿ ಅಗ್ರಸ್ಥಾನ ಪಡೆಯಿತು. ಹೊಸ ಹೀರೊಗಳು ಬಂದರು. ಹಳಬರು ಹಿಂದೆ ಸರಿದರು.

ಸಾವಿನ ನಂತರ ಸಂದ ಗೌರವ

1992ರ ಸೆಪ್ಟೆಂಬರ್ 16ರಂದು ಕಾಸಾಬ್ಲಾಂಕಾದ ಮನೆಯಲ್ಲಿ ಬೆನ್‌ಬಾರೆಕ್ ಅವರ ಮೃತದೇಹ ಸಿಕ್ಕಿತು. ಅವರು ಒಬ್ಬರೇ ವಾಸವಿದ್ದರು. ಪ್ರಾಣ ಹೋಗಿ ಆಗಲೇ ಕೆಲವು ದಿನಗಳಾಗಿದ್ದವು ಎಂದು ವರದಿಗಳು ಹೇಳುತ್ತವೆ. ಒಂದು ಕಾಲಕ್ಕೆ ಎರಡು ದೇಶಗಳ ಮೈದಾನ ತುಂಬಿಸುತ್ತಿದ್ದ ಮನುಷ್ಯ ಇಲ್ಲವಾದದ್ದು ಅದೇ ಊರಿನವರಿಗೂ ತಕ್ಷಣ ತಿಳಿಯಲಿಲ್ಲ.

ಗೌರವ ಬಂದದ್ದು ಆಮೇಲೆ. 1998ರ ಜೂನ್‌ನಲ್ಲಿ ಫಿಫಾ ತನ್ನ ಆರ್ಡರ್ ಆಫ್ ಮೆರಿಟ್ ಪುರಸ್ಕಾರವನ್ನು ಮರಣೋತ್ತರವಾಗಿ ನೀಡಿತು. ಅದೇ ತಿಂಗಳು ಫ್ರಾನ್ಸ್‌ನಲ್ಲಿ ವಿಶ್ವಕಪ್ ಶುರುವಾಗುತ್ತಿತ್ತು. ಆ ಕಪ್ ಗೆದ್ದ ಫ್ರಾನ್ಸ್ ತಂಡದ ತಾರೆ ಜಿನೆದಿನ್ ಜಿದಾನ್, ಅಲ್ಜೀರಿಯಾದಿಂದ ವಲಸೆ ಬಂದ ಕುಟುಂಬದ ಮಗ, ಹುಟ್ಟಿ ಬೆಳೆದದ್ದು ಮಾರ್ಸೇಯಲ್ಲಿ. ಉತ್ತರ ಆಫ್ರಿಕಾದ ರಕ್ತದ ಆಟಗಾರನೊಬ್ಬನನ್ನು ಫ್ರಾನ್ಸ್ ಹೆಗಲ ಮೇಲೆ ಹೊತ್ತದ್ದು ಅದೇ ಮೊದಲಲ್ಲ ಎಂಬುದು ಆ ಸಂಭ್ರಮದಲ್ಲಿ ಎಷ್ಟು ಜನರಿಗೆ ನೆನಪಿತ್ತೋ.

ಕಾಸಾಬ್ಲಾಂಕಾದಲ್ಲಿ ಈಗ ಒಂದು ಕ್ರೀಡಾಂಗಣಕ್ಕೆ ಲಾರ್ಬಿ ಬೆನ್‌ಬಾರೆಕ್ ಹೆಸರಿದೆ. ಫ್ರೆಂಚರ ಕಾಲದಲ್ಲಿ ಅದಕ್ಕೆ ಬೇರೆ ಹೆಸರಿತ್ತು. 2030ರ ವಿಶ್ವಕಪ್ ಅನ್ನು ಮೊರಾಕ್ಕೊ, ಸ್ಪೇನ್ ಮತ್ತು ಪೋರ್ಚುಗಲ್ ಒಟ್ಟಾಗಿ ನಡೆಸಲಿವೆ. ಬೆನ್‌ಬಾರೆಕ್ ಹುಟ್ಟಿದ ದೇಶ ಮತ್ತು ಅವರಿಗೆ ಎರಡು ಲೀಗ್ ಪ್ರಶಸ್ತಿ ತಂದುಕೊಟ್ಟ ದೇಶ, ಎರಡರಲ್ಲೂ ವಿಶ್ವಕಪ್ ಪಂದ್ಯಗಳು. ಅವರ ಬದುಕಿನಲ್ಲಿ ಒಮ್ಮೆಯೂ ಕೈಗೆ ಸಿಗದ ವಿಶ್ವಕಪ್, ಅವರ ಊರಿನವರೆಗೂ ಬರಲಿದೆ. ಆಗ ಮೊರಾಕ್ಕೊದ ಕೆಂಪು ಜೆರ್ಸಿ ತೊಟ್ಟು ಮೈದಾನಕ್ಕಿಳಿಯುವ ಹುಡುಗರು, ಆ ಜೆರ್ಸಿಗಾಗಿ ಕಾಯುತ್ತಲೇ ಆಡುವ ವಯಸ್ಸು ಕಳೆದ ಒಬ್ಬರು ತಮಗಿಂತ ಮೊದಲು ಇದ್ದರು ಎಂಬುದನ್ನು ತಿಳಿದಿದ್ದರೆ ಒಳ್ಳೆಯದು.